ಮೇಲಕ್ಕೆ ಏರುವ ಬಿಲ

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಹಳ್ಳ. ಅದರ ಮಣ್ಣಿನ ದಡದಲ್ಲಿ ಬೊಮ್ಮಕ್ಕ ಎಂಬ ಉಡ ಇದ್ದಳು. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಆಳುದ್ದ! ಅವಳು ಬಂದರೆ ಕಪ್ಪೆಗಳು ಉಸಿರೆತ್ತುತ್ತಿರಲಿಲ್ಲ.

ಬೊಮ್ಮಕ್ಕನಿಗೆ ಮೊಟ್ಟೆಯಿಡುವ ಹೊತ್ತು ಹತ್ತಿರ ಬಂದಿತ್ತು. ಹೋದ ವರ್ಷದ ಮೊಟ್ಟೆಗಳೆಲ್ಲ ಮಳೆಯಲ್ಲಿ ನೀರುಪಾಲಾಗಿದ್ದವು. ಈ ಸಲವಾದರೂ ಮರಿಗಳ ಮುಖ ನೋಡಬೇಕೆಂದು ಪಾಪ, ಅವಳು ಹಂಬಲಿಸುತ್ತಿದ್ದಳು.

ಪಕ್ಕದಲ್ಲೇ ಪುಟ್ಟೀರಿ ಎಂಬ ಮಿಂಚುಳ್ಳಿ ದಡದಲ್ಲಿ ಗೂಡು ತೋಡುತ್ತಿದ್ದಳು. ಕೊಕ್ಕಿನಿಂದ ಕುಟ್ಟುವುದು, ಕಾಲಿನಿಂದ ಮಣ್ಣು ಒದೆಯುವುದು, ಮತ್ತೆ ಕುಟ್ಟುವುದು.

“ಏನೇ ಪುಟ್ಟೀರಿ, ನೀನು ತೋಡಿ ಮುಗಿಸೋಷ್ಟರಲ್ಲಿ ನಿನ್ನ ಮರಿಗಳಿಗೆ ಮುಪ್ಪು ಬಂದಿರುತ್ತೆ!” ಎಂದು ಬೊಮ್ಮಕ್ಕ ನಕ್ಕಳು.

“ನಿಧಾನವಾದರೆ ಆಗಲಿ ಬಿಡಕ್ಕ. ಒಳಗೆ ಹೋಗ್ತಾ ಹೋಗ್ತಾ ಬಿಲ ಮೇಲಕ್ಕೆ ಏರಬೇಕು. ಆಗ ಹಳ್ಳ ಉಕ್ಕಿದರೂ ನೀರು ಬಾಗಿಲಲ್ಲೇ ನಿಲ್ಲುತ್ತೆ. ನೀನೂ ಹಾಗೇ ತೋಡು.”

“ನನ್ನ ಪಾದದಷ್ಟಿಲ್ಲ, ನನಗೇ ಬುದ್ಧಿ ಹೇಳ್ತೀಯಾ?”

ಬೊಮ್ಮಕ್ಕ ಉಗುರು ಹೂಡಿ ಕೆಳಮುಖವಾಗಿ ಬರಬರನೆ ತೋಡಿದಳು. ಮಧ್ಯಾಹ್ನಕ್ಕೆ ಬಿಲ ಸಿದ್ಧ. ಒಳಗೆ ಹೋಗಿ ಹಾಯಾಗಿ ಮಲಗಿದಳು.

ಸಂಜೆ ಮಳೆ ಹೊಡೆಯಿತು. ಹಳ್ಳ ಉಕ್ಕಿ ನೀರು ಭುಸ್ಸೆಂದು ಬಿಲಕ್ಕೆ ನುಗ್ಗಿತು. ಬೊಮ್ಮಕ್ಕ ಕೆಸರು ನುಂಗಿ, ಎದ್ದೆನೋ ಬಿದ್ದೆನೋ ಎಂದು ಹೊರಗೆ ಬಂದಳು. ಮಳೆ ಇನ್ನೊಂದು ದಿನ ತಡವಾಗಿದ್ದರೆ ಅಲ್ಲೇ ಮೊಟ್ಟೆಯಿಟ್ಟುಬಿಡುತ್ತಿದ್ದಳು, ಅವೂ ನೀರುಪಾಲಾಗುತ್ತಿದ್ದವು.

ಆಗ ಪುಟ್ಟೀರಿ ತನ್ನ ಗೂಡಿನಿಂದ ಇಣುಕಿದಳು. ನೀರು ಅವಳ ಹೊಸ್ತಿಲಲ್ಲೇ ನಿಂತಿತ್ತು. ರೆಕ್ಕೆಯ ಮೇಲೆ ಒಣಮಣ್ಣಿನ ಧೂಳು!

“ಅಬ್ಬಾ! ಒಂದು ಹಿಡಿಯಷ್ಟಿಲ್ಲದ ಹಕ್ಕಿ ಇಡೀ ಹಳ್ಳವನ್ನೇ ಬಾಗಿಲಲ್ಲಿ ನಿಲ್ಲಿಸಿದ್ದಾಳಲ್ಲ!” ಬೊಮ್ಮಕ್ಕ ಕಣ್ಣರಳಿಸಿ ನೋಡಿದಳು.

ಬೆಳಗಾಗುವಷ್ಟರಲ್ಲಿ ನೀರು ಇಳಿಯಿತು. ಬೊಮ್ಮಕ್ಕ ಹೊಸ ಬಿಲ ತೋಡಿದಳು. ಈ ಸಲ ನಿಧಾನವಾಗಿ, ಮೇಲ್ಮುಖವಾಗಿ.

“ತಂಗೀ, ಒಳಗೆ ಹೋಗಿ ನೋಡ್ತೀಯಾ? ಏರು ಸರಿಯಾಗಿದೆಯಾ ಅಂತ ನೀನೇ ಹೇಳಬೇಕು.”

ಪುಟ್ಟೀರಿ ತಾನು ಕುಳಿತಿದ್ದ ಕೊಂಬೆ ಬಿಟ್ಟು ಕದಲಲಿಲ್ಲ. ಉಡದ ಬಿಲಕ್ಕೆ ಹೋದ ಹಕ್ಕಿ ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಬೊಮ್ಮಕ್ಕನಿಗೆ ಅರ್ಥವಾಯಿತು. ನಾಚಿಕೆಯೂ ಆಯಿತು. ಅವಳು ಭಾರದ ಹೊಟ್ಟೆ ಹೊತ್ತುಕೊಂಡೇ ಹಳ್ಳಕ್ಕಿಳಿದು, ಆಚೆ ದಡಕ್ಕೆ ಈಜಿ, ಅಲ್ಲಿ ಬಂಡೆಯ ಮೇಲೆ ಕಾದು ಕುಳಿತಳು.

ಪುಟ್ಟೀರಿ ಸರ್ರೆಂದು ಬಿಲದೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದಳು:

“ಏರು ಚೆನ್ನಾಗಿದೆ ಅಕ್ಕಾ! ಬೇಗ ಬಾ, ಮೊಟ್ಟೆಯಿಡು!”

ನೀತಿ: ಮೈಯ ಗಾತ್ರ ನೋಡಿ ಯಾರ ಅರಿವನ್ನೂ ಅಳೆಯಬಾರದು, ಚಿಕ್ಕವರಿಂದ ಕಲಿಯಬೇಕಾದರೆ ಮೊದಲು ಅವರ ಭಯ ಕಳೆಯಬೇಕು.