ಗೋಡೆಗೆ ಮುಖ ಮಾಡಿ ಉಂಡವಳು

ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಒಂದೇ ನೇಮ. ಆದರೆ ಕಬ್ಬಿಣದಂಥ ನೇಮ. ದೇವರಿಗೆ ನೈವೇದ್ಯವಾಗುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ.

ಪೂಜೆ ಶಿಷ್ಯ ಮುರಿಗೆಪ್ಪನದು. ಅವನ ಕಂಠವೆಂದರೆ ಕಂಠ! ಹೊಳೆಯಾಚೆ ಎಮ್ಮೆ ಮೇಯಿಸುವವರೂ ನಿಂತು ಕೇಳಬೇಕು. ಅದು ಅವನಿಗೂ ಗೊತ್ತಿತ್ತು. ಹಾಗಾಗಿ ಪೂಜೆ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು.

ಶಿಷ್ಯರಲ್ಲಿ ಹೆಂಗಸು ಒಬ್ಬಳೇ, ಕಾಶವ್ವ. ಚಿಕ್ಕಂದಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಬೇಕು. ಇಲ್ಲವೆಂದರೆ ಕೈ ನಡುಗಿ, ಮೈ ಬೆವರಿ, ಕಣ್ಣಿಗೆ ಕತ್ತಲೆ ಕವಿಯುತ್ತದೆ.

ಗಂಡನ ಮನೆಯವರು ಇದನ್ನು ಕಾಯಿಲೆ ಅನ್ನಲಿಲ್ಲ, ಗಂಡಸರಿಗಿಂತ ಮೊದಲು ಉಣ್ಣುವ ಚಾಳಿ ಅಂದರು. ತವರಿನಲ್ಲಿ ಅತ್ತಿಗೆಯೂ ಅದನ್ನೇ ಅಂದಳು. ಉಳಿದದ್ದು ಈ ಆಶ್ರಮ. ಇಲ್ಲಿ ಅವಳು ಯಾರಿಗೂ ಏನೂ ಹೇಳಲಿಲ್ಲ.

ಅತ್ತ ಪೂಜೆ ಶುರುವಾದರೆ ಇತ್ತ ಅವಳು ದನದ ಕೊಟ್ಟಿಗೆಗೆ ಹೋಗುತ್ತಿದ್ದಳು. ಸೆರಗಿನಲ್ಲಿ ನಿನ್ನೆಯ ರೊಟ್ಟಿ. ಒಣಗಿ ಗರಿಯಾದ ಕಟಕ ರೊಟ್ಟಿ ಮುರಿದರೆ ಸದ್ದಾಗುತ್ತದಲ್ಲ, ಅದಕ್ಕೇ ನೀರಿನಲ್ಲಿ ನೆನೆಸುತ್ತಿದ್ದಳು. ಗೋಡೆಗೆ ಮುಖ ಮಾಡಿ ಕೂತು ನುಂಗುತ್ತಿದ್ದಳು.

ಒಂದು ದಿನ ಮುರಿಗೆಪ್ಪನಿಗೆ ಪೂಜೆಗೆ ಹೂ ಸಾಲಲಿಲ್ಲ. ಕೊಟ್ಟಿಗೆಯ ಹಿಂದಿನ ಕಣಗಿಲೆ ಗಿಡಕ್ಕೆ ಬಂದ. ಕಿಂಡಿಯಲ್ಲಿ ನೋಡಿಬಿಟ್ಟ.

"ಏನ್ ಕಾಶಕ್ಕಾ, ದೇವರಿಗಿಂತ ನೀನ ದೊಡ್ಡಾಕಿ ಆದ್ಯಾ? ಅವನ ಬಾಯಾಗ ಇನ್ನೂ ತುತ್ತು ಬಿದ್ದಿಲ್ಲ!"

ಅರ್ಧ ರೊಟ್ಟಿಯ ಸಮೇತ ಅವಳನ್ನು ಗುರುಗಳ ಮುಂದೆ ನಿಲ್ಲಿಸಿದ. ಎಲ್ಲರೂ ಅಜ್ಜ ಎಂದೇ ಕರೆಯುವ ಆ ಮುದುಕ ಹೊಳೆಯ ಕಲ್ಲಿನ ಮೇಲೆ ಪಂಚೆ ಹಿಂಡುತ್ತಿದ್ದರು.

"ಕಳ್ಳತನ ಅಜ್ಜಾರ! ನಾನ ಕೈಯಾರೆ ಹಿಡದೀನಿ. ಇವತ್ತ ಈಕಿನ್ನ ಕಳಿಸಿಬಿಡ್ರಿ."

ಅಜ್ಜ ಅವಳ ಕಡೆ ತಿರುಗಿದರು. "ಯಾಕವ್ವಾ?"

ಕಾಶವ್ವ ಹೇಳಿದಳು. ಸೂಜಿ, ಬೆವರು, ಕತ್ತಲೆ. ಹೇಳುವಾಗಲೂ ಬೆರಳು ನಡುಗುತ್ತಿದ್ದವು.

"ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದಲ್ಲೆಲ್ಲಾ ಹೊರಗ ಹಾಕ್ಯಾರ್ರಿ."

ಮುರಿಗೆಪ್ಪ ಹೂವಿನ ಬುಟ್ಟಿಯನ್ನೇ ನೋಡುತ್ತ ನಿಂತ.

"ಮೊದಲು ಅದನ್ನ ತಿಂದು ಮುಗಸು," ಎಂದರು ಅಜ್ಜ.

ಅವಳು ಇಬ್ಬರಿಗೂ ಬೆನ್ನು ಮಾಡಿ ತಿಂದಳು.

"ನಾಳಿಂದ ನಿನಗ ನೇಮ ಇಲ್ಲ. ಪಡಸಾಲ್ಯಾಗ ಎಲ್ಲಾರ ಮುಂದ ಕುಂತು ಉಣ್ಣು. ಯಾರರ ಕೇಳಿದ್ರ ನನ್ನ ಹೆಸರು ಹೇಳು."

ಇಷ್ಟಕ್ಕೆ ಮುಗಿಯಿತೆಂದುಕೊಂಡ ಮುರಿಗೆಪ್ಪ. ಆದರೆ ಕಾಶವ್ವ ತಲೆಯಲ್ಲಾಡಿಸಿದಳು.

"ಬ್ಯಾಡ್ರಿ ಅಜ್ಜಾರ. ಎಲ್ಲಾರೂ ಉಪಾಸ ಕುಂತು ನೋಡ್ತಿರ್ತಾರ, ನಾ ಒಬ್ಬಾಕಿ ತಿನ್ನಬೇಕು. ಅದಕಿಂತ ಆ ಗ್ವಾಡೀನ ವಾಸಿ. ಅದು ನೋಡೂದಿಲ್ಲ."

ಅಜ್ಜ ಪಂಚೆ ಹೆಗಲಿಗೆ ಹಾಕಿಕೊಂಡು ಹೋದರು.

ಮರುದಿನ ಮುಂಜಾನೆ ಅವಳು ಸೂಜಿ ಚುಚ್ಚಿಕೊಂಡು ಮತ್ತೆ ಕೊಟ್ಟಿಗೆಗೇ ಹೋದಳು. ಆಕಳು ಒಮ್ಮೆ ತಿರುಗಿ ನೋಡಿ ಮೇವಿಗೆ ಬಾಯಿ ಹಾಕಿತು. ದೂರದಲ್ಲಿ ಗಂಟೆ, ಮುರಿಗೆಪ್ಪನ ರಾಗ. ಅಷ್ಟು ಜನ ಅಲ್ಲಿ ಒಟ್ಟಿಗೆ ಕೂತಿದ್ದಾರೆ ಎಂದುಕೊಂಡಳು. ರೊಟ್ಟಿ ಕೈಯಲ್ಲೇ ಉಳಿಯಿತು.

ಹಿಂದೆ ಹೆಜ್ಜೆಯ ಸಪ್ಪಳ. ಗಬಕ್ಕನೆ ರೊಟ್ಟಿಯನ್ನು ಸೆರಗಿಗೆ ತಳ್ಳಿದಳು.

ಅಜ್ಜ ಬಂದವರೇ ಸಗಣಿ ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತರು. ಕೈ ಚಾಚಿದರು.

"ನನಗೂ ಒಂದು ಚೂರು ಕೊಡವಾ."

ನೈವೇದ್ಯಕ್ಕೆ ಮುಂಚೆ ಹನಿ ನೀರನ್ನೂ ಮುಟ್ಟದ ಅಜ್ಜ! ಕಾಶವ್ವ ಅವರ ಮುಖ ನೋಡಿದಳು. ಅವರ ಕೈ ಹಾಗೇ ಚಾಚಿಕೊಂಡಿತ್ತು. ಕೊಟ್ಟಳು. ಅವರು ಅಗಿಯತೊಡಗಿದ ಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟಳು.

ಅಷ್ಟರಲ್ಲಿ ಪೂಜೆ ನಡುವೆ ಅಜ್ಜ ಕಾಣಲಿಲ್ಲವೆಂದು ಹುಡುಕುತ್ತ ಮುರಿಗೆಪ್ಪ ಬಂದ. ಬಾಗಿಲಲ್ಲೇ ಕಂಬವಾದ.

"ಅಜ್ಜಾರ! ಇದೇನ್ರಿ! ದೇವರಿಗೆ ಇನ್ನೂ ನೈವೇದ್ಯ ಆಗಿಲ್ಲ!"

ಅಜ್ಜ ನಿಧಾನಕ್ಕೆ ತುತ್ತು ನುಂಗಿದರು.

"ದೇವರಿಗೆ ಒಬ್ಬನ ಉಣ್ಣೂದು ರೂಢಿ ಐತಿ ಮುರಿಗೆಪ್ಪಾ. ಈಕಿಗೆ ರೂಢಿ ಆಗೂದು ಬ್ಯಾಡ."