ಬಾವಿಗೆ ಹೋಗೋ ದಾರಿ

ಮಠ ಬಿಟ್ಟು ಬೇರೆ ಊರಿಗೆ ಹೊರಟಿದ್ದ ಶಿಷ್ಯ ಕೇಳಿದ: "ಗುರುಗಳೇ, ಯಾರ ಬಾಕಿಯೂ ಉಳಿಯದ ಹಾಗೆ ಒಂದು ಊರು ಬಿಡೋದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸರ್ಕಾರಿ ಗುಮಾಸ್ತ ಇದ್ದ. ಬಿಲ್ಲು ನೋಡಿ ಪಾಸ್ ಮಾಡೋದು ಅವನ ಕೆಲಸ. ಕಾಗದ ಇಲ್ಲದೆ ಒಂದು ರೂಪಾಯಿಯನ್ನೂ ಬಿಟ್ಟವನಲ್ಲ. ಅವನಿಗೆ ದೂರದ ಊರಿಗೆ ವರ್ಗ ಆಯ್ತು. ಸರ್ಕಾರದಲ್ಲಿ ಒಂದು ನಿಯಮ ಇತ್ತು. ವರ್ಗ ಆದವನು ಮೂರು ತಿಂಗಳೊಳಗೆ ಮನೆ ಮಾರಿದರೆ, ಮಾರೋ ಖರ್ಚು, ಹೊಸ ಮನೆ ಕೊಳ್ಳೋ ಖರ್ಚು, ಎರಡನ್ನೂ ಸರ್ಕಾರವೇ ವಾಪಸ್ ಕೊಡೋದು.

ಅವನ ಹಿತ್ತಲಲ್ಲಿ ಸಿಹಿನೀರಿನ ಬಾವಿ. ಪಕ್ಕದ ಮನೆಯಾಕೆ ನೂಲಿಗೆ ಬಣ್ಣ ಹಾಕಿ ಬದುಕೋಳು. ಬೀದಿಯ ಉಳಿದ ನೀರೆಲ್ಲ ಉಪ್ಪು, ಅದರಲ್ಲಿ ಬಣ್ಣ ಹಿಡಿಯಲ್ಲ. ಹನ್ನೆರಡು ವರ್ಷದಿಂದ ಅವಳು ಈ ಬಾವಿಯಲ್ಲೇ ನೀರು ಸೇದುತ್ತಿದ್ದಳು. ಮನೆ ಮಾರ್ತಾರೆ ಅಂತ ತಿಳಿದು ಬಂದವಳು, ಬಾವಿಗೆ ಓಡಾಡೋ ಹಕ್ಕು ನನಗೂ ಇದೆ ಅಂತ ಕ್ರಯಪತ್ರದಲ್ಲಿ ಒಂದು ಸಾಲು ಬರೆಸಿಬಿಡಿ ಅಂತ ಕೇಳಿಕೊಂಡಳು. ಅದಕ್ಕೆ ಕೊಳ್ಳುವವನನ್ನ ಒಪ್ಪಿಸಬೇಕು, ಪತ್ರ ಮತ್ತೆ ಬರೆಸಬೇಕು. ಗಡುವಿಗೆ ಉಳಿದಿದ್ದು ನಾಲ್ಕೇ ದಿನ.

"ಕೊಳ್ಳೋರಿಗೆ ಬಾಯಲ್ಲೇ ಹೇಳ್ತೀನಿ ಬಿಡಮ್ಮ, ಒಳ್ಳೆ ಜನ," ಅಂದ.

"ಅಣ್ಣ, ಬಾಯಿಮಾತು ನಂಬಿ ನೀವು ಯಾವತ್ತಾದರೂ ಒಂದು ಬಿಲ್ಲು ಪಾಸ್ ಮಾಡಿದ್ದೀರಾ?"

ಗುಮಾಸ್ತ ನಕ್ಕುಬಿಟ್ಟ. ಮಾರನೇ ದಿನವೇ ನೋಂದಣಿ ಮುಗಿಸಿದ. ನೋಂದಣಿ ಕಚೇರಿಯ ಮೆಟ್ಟಿಲು ಇಳೀತಾ ಬಾವಿಯ ಮಾತು ಹೇಳಿದ. ಕೊಂಡವನು ತಲೆಯಾಡಿಸಿದ.

ದಲ್ಲಾಳಿ ಕಮಿಷನ್, ಸ್ಟ್ಯಾಂಪ್ ಖರ್ಚು, ಹೊಸ ಮನೆಯ ನೋಂದಣಿ, ಎಲ್ಲ ಬಿಲ್ಲೂ ಪಾಸಾಯ್ತು. ಒಂದಕ್ಕೂ ಆಕ್ಷೇಪಣೆ ಬರಲಿಲ್ಲ. ಹೊಸ ಆಫೀಸಲ್ಲಿ ಅದನ್ನ ಹೆಮ್ಮೆಯಿಂದ ಹೇಳಿಕೊಂಡ.

ವರ್ಷದ ಮೇಲೆ ಯಾರದೋ ಮದುವೆಗೆ ಹಳೇ ಊರಿಗೆ ಬಂದ. ಹಿತ್ತಲ ಸುತ್ತ ಗೋಡೆ ಎದ್ದಿತ್ತು. ಪಕ್ಕದಾಕೆ ಬಣ್ಣದ ಹಂಡೆಗಳನ್ನ ಮಾರಿ, ಯಾರದೋ ಅಂಗಡೀಲಿ ಸೀರೆ ಮಡಚೋ ಕೂಲಿಗೆ ಹೋಗುತ್ತಿದ್ದಳು. ಯಾವಾಗಲೂ ಮೊಣಕೈವರೆಗೆ ನೀಲಿ ಇರುತ್ತಿದ್ದ ಅವಳ ಕೈಗಳಲ್ಲಿ ಒಂದು ಚೂರೂ ಬಣ್ಣ ಇರಲಿಲ್ಲ. ಗುಮಾಸ್ತ ಆ ಕೈಗಳನ್ನೇ ನೋಡುತ್ತ ನಿಂತ. ಅವಳು ಬೈಯಲಿಲ್ಲ. ಕೂರಿಸಿ ಕಾಫಿ ಕೊಟ್ಟಳು. ಹೊಸ ಮನೆ ಅನುಕೂಲವಾಗಿದೆಯಾ ಅಂತ ವಿಚಾರಿಸಿದಳು.

ಶಿಷ್ಯನಿಗೆ ಗುಮಾಸ್ತನ ಮೇಲೆ ಕನಿಕರ ಬಂತು. "ಪಾಪ, ಅವನೇನೂ ಯಾರ ದುಡ್ಡೂ ತಿನ್ನಲಿಲ್ಲವಲ್ಲ, ಗುರುಗಳೇ," ಅಂದ.

ಗುರುಗಳು ಅಂದರು: "ಆ ಮನೆ ಮಾರೋದರಲ್ಲಿ ಎಲ್ಲರಿಗಿಂತ ಜಾಸ್ತಿ ಖರ್ಚಾಗಿದ್ದು ಅವಳಿಗೆ, ವಾಪಸ್ ಬಂದಿದ್ದು ಅವನಿಗೆ."