ದ್ರಾಕ್ಷಿ ಸೀಮೆಯಲ್ಲಿ ಎರಡು ದಿನ

"ಅಮ್ಮಾ, ಎರಡೇ ದಿನಕ್ಕೆಂದು ಹೋಗುವವರು ಉಳಿಯುವ ಜಾಗವನ್ನು ಹೇಗೆ ಆರಿಸಬೇಕು?" ಎಂದು ಶಿಷ್ಯ ಕೇಳಿದ.

ಗುರುತಾಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ.

"ಎಲ್ಲಿಗೆ ಹೊರಟೆ?"

"ದ್ರಾಕ್ಷಿ ಸೀಮೆಗೆ, ವೈನ್ ಮಾಡುವ ಊರಿಗೆ. ಅಣ್ಣನೂ ಬರುತ್ತಾನಂತೆ, ಅತ್ತಿಗೆ ಹೇಳಿದರು. ಗುಡ್ಡದ ಮೇಲೆ ಒಂದು ಬಂಗಲೆ ನೋಡಿದ್ದೇನೆ. ಎರಡು ಕೋಣೆ, ಎರಡು ಬಾಗಿಲು, ಎರಡು ಬೀಗದ ಕೈ. ಯಾರಿಗೆ ಯಾರೂ ಅಡ್ಡ ಬರುವುದಿಲ್ಲ. ತೋಟದೊಳಗೆ ಒಂದು ಪುಟ್ಟ ಮನೆಯೂ ಸಿಗುತ್ತದೆ. ಯಾವುದು ಒಳ್ಳೆಯದು?"

"ಕೂತುಕೋ. ಒಂದು ಕತೆ ಹೇಳುತ್ತೇನೆ. ಅಷ್ಟರಲ್ಲಿ ಈ ಅಕ್ಕಿಯೂ ಮುಗಿಯುತ್ತದೆ" ಎಂದು ಗುರುತಾಯಿ ಶುರು ಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ಹೆಂಡತಿ ಅವನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಾರಣ ಸಣ್ಣದಲ್ಲ. ಅವಳ ತಾಯಿಗೆ ಕಾಯಿಲೆ ಜೋರಾಗಿದೆ, ಕೂಡಲೇ ಕಳುಹಿಸಿ ಎಂದು ತವರಿನಿಂದ ಕಾಗದ ಬಂದಿತ್ತು. ಅದು ಮದುವೆಯ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ವ್ಯಾಪಾರಿ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟ. ಎರಡು ದಿನ ಬಿಟ್ಟು ಹೆಂಡತಿಯ ಕೈಗೆ ಕೊಟ್ಟ. ಅವಳು ಹೋಗಿ ಮುಟ್ಟುವ ಹೊತ್ತಿಗೆ ಚಿತೆ ಆರಿತ್ತು.

ಅಂದಿನಿಂದ ಅವಳು ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು. ಹೇಳುವುದಿದ್ದರೆ ಮನೆಯ ಬೆಕ್ಕಿಗೆ ಹೇಳುತ್ತಿದ್ದಳು. "ಎಲೆ ಹಾಕಿದೆ, ಉಣ್ಣುವವರು ಏಳಬಹುದು" ಅಂತ. ವ್ಯಾಪಾರಿಯೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದ. ಪಾಪ, ಆ ಮನೆಯ ಸಂಸಾರವನ್ನೆಲ್ಲ ಬೆಕ್ಕೇ ನಡೆಸುತ್ತಿತ್ತು ಅನ್ನು.

ಒಂದು ದಿನ ಅವಳು ಬೆಕ್ಕಿಗೆ ಹೇಳಿದಳು: "ಸೋಮವಾರ ನಾನು ತವರಿಗೆ ಹೋಗುತ್ತೇನೆ. ತಿರುಗಿ ಬರುವುದಿಲ್ಲ."

"ದಾರಿಯಲ್ಲೇ ದ್ರಾಕ್ಷಿ ಸೀಮೆ ಸಿಗುತ್ತದೆ. ಎರಡು ದಿನ ಇಬ್ಬರೂ ಅಲ್ಲಿದ್ದು, ಆಮೇಲೆ ಹೋಗಲಿ ಅನ್ನು" ಎಂದು ವ್ಯಾಪಾರಿಯೂ ಬೆಕ್ಕಿಗೆ ಹೇಳಿದ. ಅವಳು ಬೇಡ ಅನ್ನಲಿಲ್ಲ.

ಅವನ ಕೈಯಲ್ಲಿ ಇದ್ದದ್ದು ಅಷ್ಟೇ, ಎರಡು ದಿನ. ಅದಕ್ಕೇ ಸೀರೆ ಆರಿಸುವ ಹಾಗೆ ಮನೆ ಆರಿಸಿದ. ಮೊದಲು ಕಂಡದ್ದು ದ್ರಾಕ್ಷಿ ಬೆಳೆಯುವ ಒಬ್ಬ ಮುದುಕಿಯ ತೋಟದ ಮನೆ. ಒಂದು ಕೋಣೆ, ಒಂದು ಚಾಪೆ, ಒಂದು ತಂಬಿಗೆ. ಮೇಲಾಗಿ, ಅಲ್ಲಿ ತಂಗಿದವರು ಬೆಳಗ್ಗೆ ಗೊಂಚಲು ಕೊಯ್ಯಬೇಕು ಎಂದಳು ಮುದುಕಿ. ದುಡ್ಡು ಕೊಟ್ಟು ಕೂಲಿ ಮಾಡುವುದೇ ಎಂದು ವ್ಯಾಪಾರಿ ನಕ್ಕು, ಗುಡ್ಡದ ಮೇಲಿನ ದೊಡ್ಡ ಮನೆ ಹಿಡಿದ.

ಅಲ್ಲಿ ಕೇಳುವ ಮೊದಲೇ ಎಲ್ಲ ಬರುತ್ತಿತ್ತು. ಅವನ ಮಂಚದ ಬಳಿ ಒಂದು ಹೂಜಿ, ಅವಳ ಮಂಚದ ಬಳಿ ಒಂದು ಹೂಜಿ. ಅವನ ಕಿಟಕಿಯಿಂದ ತೋಟ ಕಾಣುತ್ತಿತ್ತು, ಅವಳ ಕಿಟಕಿಯಿಂದಲೂ ಅದೇ ತೋಟ. ಬೆಕ್ಕೂ ಇರಲಿಲ್ಲ. ಇಡೀ ದಿನ ಆ ಮನೆಯಲ್ಲಿ ಒಂದು ಮಾತು ಹುಟ್ಟಲಿಲ್ಲ.

ಮರುದಿನ ಬೆಳಗಾಗುತ್ತಲೇ ವ್ಯಾಪಾರಿ ಗುಡ್ಡ ಇಳಿದು ತೋಟಕ್ಕೆ ಬಂದ. ಹೆಂಡತಿ ಏನೂ ಕೇಳದೆ ಗಂಟು ಎತ್ತಿಕೊಂಡು, ಹತ್ತು ಹೆಜ್ಜೆ ಹಿಂದೆ ಬಂದಳು.

"ಏನಪ್ಪಾ, ಮೇಲೆ ಏನು ಕಡಿಮೆಯಾಯಿತು?" ಎಂದಳು ಮುದುಕಿ.

"ಏನೂ ಕಡಿಮೆಯಿಲ್ಲ ಅಜ್ಜಿ."

"ಏನೂ ಕಡಿಮೆಯಿಲ್ಲದವನ ಮುಖ ಹೀಗಿರುತ್ತದೇನೋ? ಹಿಡಿ ಬುಟ್ಟಿ. ಇಲ್ಲಿ ಒಬ್ಬೊಬ್ಬರೇ ಕೊಯ್ಯುವ ಹಾಗಿಲ್ಲ. ಒಬ್ಬರು ಕೊಯ್ಯಬೇಕು, ಒಬ್ಬರು ಕೆಳಗೆ ಬುಟ್ಟಿ ಹಿಡಿಯಬೇಕು. ಗೊಂಚಲು ನೆಲಕ್ಕೆ ಬಿದ್ದರೆ ಹಣ್ಣು ಒಡೆಯುತ್ತದೆ. ಒಡೆದ ಹಣ್ಣು ಪೀಪಾಯಿಯನ್ನೇ ಹುಳಿ ಮಾಡುತ್ತದೆ."

ಹೆಂಡತಿ ಕತ್ತರಿ ತೆಗೆದುಕೊಂಡಳು. ವ್ಯಾಪಾರಿ ಬುಟ್ಟಿ ಹಿಡಿದ. ಎರಡು ಸಾಲು ಮುಗಿಯಿತು, ಮಾತಿಲ್ಲ. ಬಿಸಿಲೇರಿತು. ಮೂರನೆಯ ಸಾಲಿನಲ್ಲಿ ಅವಳ ಎಡಗೈಯಲ್ಲಿ ತುಂಬು ಗೊಂಚಲು, ಬಲಗೈಯಲ್ಲಿ ಕತ್ತರಿ, ಹಣೆಯ ಬೆವರು ಇಳಿದು ಕಣ್ಣಿಗೇ ಬಿತ್ತು. ಗೊಂಚಲು ಬಿಡುವಂತಿಲ್ಲ, ಕತ್ತರಿ ಬಿಡುವಂತಿಲ್ಲ, ಕಣ್ಣು ಉರಿಯುತ್ತಿದೆ.

"ಒರೆಸಿ" ಎಂದಳು.

ವ್ಯಾಪಾರಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಹೆಗಲ ವಸ್ತ್ರದಿಂದ ಒರೆಸಿದ. ಒರೆಸುತ್ತಲೇ ಹೇಳಿದ: "ಆ ಕಾಗದ ಎರಡು ದಿನ ನನ್ನ ಪೆಟ್ಟಿಗೆಯಲ್ಲಿತ್ತು. ಗೊತ್ತಿದ್ದೂ ಇಟ್ಟುಕೊಂಡೆ. ತಪ್ಪು ನನ್ನದೇ."

ಅವಳು ಕೈಯಲ್ಲಿದ್ದ ಗೊಂಚಲನ್ನು ಕತ್ತರಿಸಿದಳು.

"ಬುಟ್ಟಿ ಸರಿಯಾಗಿ ಹಿಡಿಯಿರಿ" ಎಂದಳು.

ಮಾರನೆಯ ದಿನ ಗಾಡಿ ಬಂತು. ತವರಿನ ದಾರಿ ಬಲಕ್ಕೆ, ಮನೆಯ ದಾರಿ ಎಡಕ್ಕೆ. ಯಾವ ಕಡೆ ಎಂದು ಗಾಡಿಯವನು ಕೇಳಿದ. ವ್ಯಾಪಾರಿ ತಲೆ ತಗ್ಗಿಸಿ ಕುಳಿತಿದ್ದ.

"ಎಡಕ್ಕೆ ಹೊಡಿ. ಮನೆಯಲ್ಲಿ ಬೆಕ್ಕು ಹಸಿದಿರುತ್ತದೆ" ಎಂದಳು ಅವಳು.

ಕತೆ ಮುಗಿಯಿತು. ಮೊರದಲ್ಲಿ ಅಕ್ಕಿಯೂ ಹಸನಾಗಿತ್ತು.

"ಹಾಗಾದರೆ ತೋಟದ ಮನೆಯೇ ಒಳ್ಳೆಯದು ಅನ್ನುತ್ತೀರಾ ಅಮ್ಮಾ?" ಎಂದ ಶಿಷ್ಯ.

ಗುರುತಾಯಿ ಆಗ ಅವನ ಮುಖ ನೋಡಿದರು.

"ಅದಿರಲಿ ಮಗೂ, ಅಣ್ಣ ಬರುವ ಸುದ್ದಿಯನ್ನು ನಿನಗೆ ಅಣ್ಣನೇ ಹೇಳಿದನೋ, ಇಲ್ಲಾ ಬೆಕ್ಕು ಹೇಳಿತೋ?"